ನೀನು ನಿಂತಲ್ಲಿ ಮಾತ್ರ ಮಂಜು ದಪ್ಪ

ಫೆಬ್ರವರಿ ೨೬, ಗುರುವಾರ

ಅಕ್ಕನಿಗೆ,

ಮೊದಲ ಹಾಳೆಯಲ್ಲಿ ‘ಪ್ರೀತಿಯ’ ಎಂದು ಬರೆದಿದ್ದೆ. ಆ ಹಾಳೆಯನ್ನು ಪಕ್ಕಕ್ಕಿಟ್ಟು ಇದನ್ನು ತೆಗೆದುಕೊಂಡಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ನೀನೂ ಆರೋಗ್ಯವಾಗಿದ್ದೀಯೆಂದು ನಮ್ಮ ನಿರ್ದೇಶಕರಿಗೆ ನೀನು ಕೊಟ್ಟ ದೂರು ಓದಿದಾಗಲೇ ತಿಳಿಯಿತು. ಮೈಯಲ್ಲಿ ಕಸುವಿಲ್ಲದವರಿಗೆ ಅಷ್ಟುದ್ದ ಬೈಯಲು ಆಗುವುದಿಲ್ಲ.

ನಿರ್ದೇಶಕರು ಅದರ ಪ್ರತಿಯನ್ನು ನನ್ನ ಮೇಜಿನ ಮೇಲೆ ಮಗುಚಿಟ್ಟು, ಏನೂ ಆಗಿಲ್ಲವೆಂಬಂತೆ ಕಿಟಕಿಯ ಪರದೆ ಸರಿಮಾಡಿ ಹೋದರು. ಅವರನ್ನು ಕೇಂದ್ರದಲ್ಲಿ ಎಲ್ಲರೂ ‘ನೋಡೋಣ ಸಾಹೇಬರು’ ಎಂದು ಏಕೆ ಕರೆಯುತ್ತಾರೆಂದು ನಿನಗೂ ಗೊತ್ತು. ಬಾಗಿಲ ಹತ್ತಿರ ನಿಂತು, “ಅಕ್ಕ ತಂಗಿ ವಿಷಯ. ನೀವಿಬ್ರೂ ಮನೇಲಿ ಕೂತು ಮಾತಾಡ್ಕೊಂಡು ಬನ್ನಿ, ಆಮೇಲೆ ನೋಡೋಣ” ಅಂದರು. “ನಮ್ಮನೇಲಿ ಮಾತಾಡೋ ರೂಢಿ ಇಲ್ಲ ಸಾರ್, ಬರೀತೀವಿ” ಅಂದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ದೂರಿನ ಸಾರ ಇಷ್ಟು. ಪ್ರತಿ ವಸಂತದಲ್ಲೂ ನೀನು ದೂರದ ಉತ್ತರದ ಹೆಪ್ಪುಗಟ್ಟಿದ ಕಡಲ ಮೇಲೆ ಶಿಬಿರ ಹೂಡುತ್ತೀಯ. ನೀನು ಆರಿಸಿದ ಜಾಗದಲ್ಲಿ ಮಂಜುಗಡ್ಡೆ ಜೂನ್ ತನಕ ತಡೆಯುತ್ತದೆ ಎಂದು ನಮ್ಮ ಕೇಂದ್ರದ ಕಂಪ್ಯೂಟರ್ ಮಾದರಿ ಲೆಕ್ಕ ಹಾಕಿ ಹೇಳಬೇಕು. ಹೌದು ಎಂದು ನಾನು ಸಹಿ ಹಾಕಬೇಕು. ಆ ಸಹಿ ಇಲ್ಲದೆ ವಿಮಾನ ಏಳುವುದಿಲ್ಲ. ಇಷ್ಟು ವರ್ಷ ಕಣ್ಣುಮುಚ್ಚಿ ಸಹಿ ಹಾಕಿದ ತಂಗಿ, ನಿವೃತ್ತಿಗೆ ಮುಂಚಿನ ನಿನ್ನ ಕೊನೆಯ ಶಿಬಿರಕ್ಕೆ ಮಾತ್ರ ಕಲ್ಲು ಹಾಕುತ್ತಿದ್ದಾಳೆ. ಕಾರಣ: ಹೊಟ್ಟೆಕಿಚ್ಚು. ಇನ್ನೊಂದು ಕಾರಣ: ಈ ಸಲ ನಿನ್ನ ಮಗಳೂ ನಿನ್ನ ಜೊತೆ ಹೊರಟಿದ್ದಾಳೆ, ತಂಗಿಗೆ ಅದನ್ನು ಸಹಿಸಲು ಆಗುತ್ತಿಲ್ಲ.

ಎರಡಕ್ಕೂ ಉತ್ತರ ಕೊಡುತ್ತೇನೆ. ಮೊದಲು ಮಂಜಿನ ಮಾತು ಮುಗಿಯಲಿ.

ನಾನು ಮಾಡುವ ಕೆಲಸ ಏನೆಂದು ನೀನು ಒಂದು ದಿನವೂ ಪೂರ್ತಿ ಕೇಳಿಸಿಕೊಂಡಿಲ್ಲ. ಯಾರಾದರೂ ವಿಚಾರಿಸಿದರೆ, “ನನ್ನ ತಂಗಿ ಶಾಲು ಹೊದ್ಕೊಂಡು ಕಂಪ್ಯೂಟರ್ ಒಳಗೆ ಮಂಜು ಬೆಳೀತಾಳೆ” ಎಂದು ನಗಿಸುತ್ತೀಯ. ಶಾಲಿನ ಮಾತು ನಿಜ. ಯಂತ್ರಗಳ ಕೋಣೆಯ ತಣ್ಣನೆ ಗಾಳಿ ಗೋಡೆಯ ಸಂದಿನಿಂದ ನನ್ನ ಬೆನ್ನಿಗೇ ಬಡಿಯುತ್ತದೆ. ಉಳಿದದ್ದನ್ನು ಇವತ್ತಾದರೂ ಕೇಳು. ನಾವು ಕಡಲನ್ನೆಲ್ಲ ಚೌಕಚೌಕವಾಗಿ ಕತ್ತರಿಸುತ್ತೇವೆ. ಒಂದೊಂದು ಚೌಕದಲ್ಲಿ ಒಂದು ಊರೇ ಹಿಡಿಸುತ್ತದೆ. ಅಷ್ಟು ದೊಡ್ಡ ಜಾಗದಲ್ಲಿ ಮಂಜು ಒಂದೇ ಸಮ ಇರುವುದಿಲ್ಲ. ಒಂದು ಕಡೆ ಬರಿ ನೀರು, ಒಂದು ಕಡೆ ಹಾಲಿನ ಕೆನೆಯಂಥ ಹೊಸ ಪದರ, ಒಂದು ಕಡೆ ಆಳೆತ್ತರದ ಹಳೆಯ ಗಡ್ಡೆ. ಅದಕ್ಕೇ ಪ್ರತಿ ಚೌಕದ ಮಂಜನ್ನು ದಪ್ಪದ ಮೇಲೆ ಐದು ಪಾಲು ಮಾಡಿ, ಒಂದೊಂದು ಪಾಲು ಹೇಗೆ ಬೆಳೆಯುತ್ತದೆ, ಹೇಗೆ ಕರಗುತ್ತದೆ, ಗಾಳಿ ತಳ್ಳಿದಾಗ ಹೇಗೆ ಒಂದರ ಮೇಲೊಂದು ಏರುತ್ತದೆ ಎಂದು ಲೆಕ್ಕ ಇಡುತ್ತೇವೆ. ಎಲ್ಲಕ್ಕಿಂತ ಹೆಚ್ಚು ಕಿತಾಪತಿ ಮಾಡುವುದು ತೆಳ್ಳಗಿನ ಪಾಲು. ಚಳಿಗಾಲದಲ್ಲಿ ಕಡಲಿನ ಬಿಸಿ ಹೊರಗೆ ಸೋರುವುದು ಅದರ ಮೂಲಕ. ಬೇಸಿಗೆ ಬಂದಾಗ ಮೊದಲು ಮಾಯವಾಗಿ, ಕೆಳಗಿನ ಕಪ್ಪು ನೀರಿಗೆ ಬಿಸಿಲು ಕುಡಿಸುವುದೂ ಅದೇ. ಆಮೇಲೆ ಆ ನೀರು ಪಕ್ಕದ ದಪ್ಪ ಗಡ್ಡೆಯ ಬುಡವನ್ನು ತಿನ್ನುತ್ತದೆ.

ಇದರಲ್ಲಿ ಯಾರೂ ನೇರವಾಗಿ ಅಳೆಯಲಾಗದ ಕೆಲವು ಅಂಕಿಗಳಿವೆ. ಎಷ್ಟು ಒತ್ತಿದರೆ ಗಡ್ಡೆ ಮುರಿದು ದಿಬ್ಬವಾಗುತ್ತದೆ, ಮೇಲಿನ ಹಿಮ ಎಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಇಂಥವು. ಅವುಗಳನ್ನು ಹಳೆಯ ರೇಡಿಯೊದ ಕಿವಿ ಹಿಂಡಿದ ಹಾಗೆ ಸ್ವಲ್ಪ ಆಚೆ, ಸ್ವಲ್ಪ ಈಚೆ ತಿರುಗಿಸುತ್ತ, ನಮ್ಮ ಮಾದರಿಯ ಮಂಜು ನಿಜವಾದ ಮಂಜನ್ನು ಹೋಲುವ ತನಕ ಕೂರುತ್ತೇವೆ. ನಿಜವಾದ ಮಂಜು ಎಷ್ಟು ದಪ್ಪ ಎಂದು ನಮಗೆ ಹೇಳಿದವರು ಯಾರು? ನೀನು. ನಿನ್ನ ಡ್ರಿಲ್ಲು, ನಿನ್ನ ತೂತುಗಳು, ನೀನು ತೂತಿಗೆ ಇಳಿಬಿಟ್ಟ ಅಳತೆಪಟ್ಟಿ. ಅಷ್ಟು ಉದ್ದ ಕಾಲ, ಅಷ್ಟು ತಾಳ್ಮೆಯಿಂದ ಅಳೆದವರು ಇನ್ನೊಬ್ಬರಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ನಾನು ಕಿವಿ ಹಿಂಡಿದ್ದೆಲ್ಲ ನಿನ್ನ ತೂತುಗಳಿಗೆ ಸರಿಹೊಂದಲಿ ಎಂದು.

ಹೋದ ವರ್ಷ ಕಡಲ ತಳದಿಂದ ಒಂದು ಸೋನಾರ್ ಯಂತ್ರವನ್ನು ಮೇಲೆತ್ತಿದರು. ಮೂರು ಚಳಿಗಾಲ ಅದು ಅಲ್ಲಿ ಅಂಗಾತ ಮಲಗಿ, ಸದ್ದು ಚಿಮ್ಮಿಸಿ ಅದರ ಮಾರ್ದನಿಯಿಂದ ತನ್ನ ಮೇಲೆ ಹಾದುಹೋದ ಮಂಜನ್ನೆಲ್ಲ ಅಳೆದಿತ್ತು. ಅದರ ಪ್ರಕಾರ, ನೀನು ಹೇಳುವುದಕ್ಕಿಂತ ತೆಳ್ಳಗಿನ ಮಂಜು ಎಷ್ಟೋ ಪಾಲು ಹೆಚ್ಚು. ನಾನು ಮೊದಲು ಸಂಶಯಪಟ್ಟದ್ದು ಯಂತ್ರವನ್ನು, ತಿಳಿದುಕೋ. ನಮ್ಮ ತಂತ್ರಜ್ಞನನ್ನು ಎರಡು ಸಲ ಬಂದರಿನ ಷೆಡ್ಡಿಗೆ ಓಡಿಸಿದೆ. “ಮೇಡಮ್, ಯಂತ್ರ ಸರಿಯಾಗೇ ಇದೆ, ನೀವು ಬೇರೆ ಯಾರನ್ನಾದ್ರೂ ಅನುಮಾನಿಸಿ” ಎಂದು ಅವನು ಕೊನೆಗೆ ಕೈಮುಗಿದ.

ಉತ್ತರ ಸಿಕ್ಕಿದ್ದು ನಿನ್ನ ಮಗಳಿಂದಲೇ, ನಮ್ಮ ಚೂಟಿಯಿಂದ. ರೇಡಿಯೊ ರಿಪೇರಿಗೆಂದು ಹೋದ ವರ್ಷ ನಿನ್ನ ಶಿಬಿರಕ್ಕೆ ಎರಡು ದಿನ ಬಂದಿದ್ದಳಲ್ಲ, ಆಗ ತಮಾಷೆಗೆ ಒಂದು ವಿಡಿಯೊ ಮಾಡಿ ನನಗೆ ಕಳಿಸಿದ್ದಳು. ಅದರಲ್ಲಿ ನೀನು ಉದ್ದನೆಯ ಕೋಲು ಹಿಡಿದು ಮುಂದೆ ನಡೆಯುತ್ತೀಯ, ಹಿಂದೆ ಡ್ರಿಲ್ ಹೊತ್ತ ಇಬ್ಬರು. ನೀನು ಕೋಲಿನಿಂದ ಕುಟ್ಟುವುದು, ತಲೆಯಾಡಿಸುವುದು, ಬಳಸಿಕೊಂಡು ಹೋಗುವುದು. ಮತ್ತೆ ಕುಟ್ಟುವುದು. ಚೂಟಿಯ ದನಿ: “ನೋಡು ಚಿಕ್ಕಿ, ಅಮ್ಮ ಮಂಜಿಗೆ ಇಂಟರ್ವ್ಯೂ ಮಾಡ್ತಿದಾಳೆ. ನೀನು ಸೆಲೆಕ್ಟ್ ಆಗಿಲ್ಲಪ್ಪ, ಹೋಗು. ನೀನೂ ಇಲ್ಲ. ನೀನು ಬಾ, ಗಟ್ಟಿ ಇದೀಯ, ನಿನಗೆ ಕೆಲಸ ಗ್ಯಾರಂಟಿ.” ಗಟ್ಟಿ ಜಾಗ ಸಿಕ್ಕಮೇಲೆ ನೀನು ಕೈ ಎತ್ತುತ್ತೀಯ, ಅವರು ಡ್ರಿಲ್ ಇಳಿಸುತ್ತಾರೆ.

ವಿಡಿಯೊ ಬಂದಾಗ ನೋಡಿ ನಕ್ಕು ಮರೆತಿದ್ದೆ. ಸೋನಾರಿನ ಅಂಕಿಗಳನ್ನು ಎದುರಿಗಿಟ್ಟುಕೊಂಡು ಮತ್ತೆ ನೋಡಿದಾಗ ನಗು ಬರಲಿಲ್ಲ. ಅಕ್ಕ, ನೀನು ನಿಲ್ಲಬಹುದಾದ ಕಡೆಯಲ್ಲೇ ಕೊರೆದೆ. ನಿನ್ನ ಭಾರ ತಾಳದ ಮಂಜು ನಿನ್ನ ಅಳತೆಗೆ ಬರಲೇ ಇಲ್ಲ. ತೀರ ದಪ್ಪನೆಯ ದಿಬ್ಬಗಳ ಮೇಲೆ ಡ್ರಿಲ್ ಸಿಕ್ಕಿಕೊಳ್ಳುತ್ತದೆಂದು ಅವನ್ನೂ ಬಿಟ್ಟೆ, ಒಪ್ಪುತ್ತೇನೆ. ಆದರೆ ದಿಬ್ಬ ಸ್ವಲ್ಪ, ತೆಳುವು ಬಹಳ. ನೀನು ಬರೆದ ಒಂದೇ ಒಂದು ಅಂಕಿಯೂ ಸುಳ್ಳಲ್ಲ. ಎಲ್ಲ ಸೇರಿದರೆ ಸುಳ್ಳು. ಆ ಸುಳ್ಳಿಗೆ ಹೊಂದುವಂತೆ ನಾನು ಮಾದರಿ ತಿದ್ದಿದೆ, ಆ ಮಾದರಿ ನಿನ್ನ ಕಡಲು ಗಟ್ಟಿಯಾಗಿದೆ ಎಂದಿತು, ಅದನ್ನು ನಂಬಿ ನೀನು ಶಿಬಿರ ಹೂಡಿ ಮತ್ತೆ ಗಟ್ಟಿ ಜಾಗಗಳನ್ನೇ ಕೊರೆದು ಕಳಿಸಿದೆ. ತನ್ನ ನೆರಳನ್ನೇ ಸಾಕ್ಷಿಗೆ ಕರೆದು ಕೇಸು ಗೆದ್ದ ಹಾಗಾಯಿತು ನಮ್ಮ ವ್ಯವಹಾರ.

ಎರಡು ವರ್ಷದ ಹಿಂದೆ ನಿನ್ನ ಅಡುಗೆ ಡೇರೆಯ ನಡುವೆ ಬಿರುಕು ಬಿಟ್ಟಿತಲ್ಲ. ಊಟದ ಮೇಜಿನಲ್ಲಿ ಅದನ್ನು ನೀನು ಹೇಳಿದ ರೀತಿ ನೆನಪಿದೆಯಾ? “ಸ್ಟವ್ ಆ ದಡದಲ್ಲಿ, ಪಾತ್ರೆ ಈ ದಡದಲ್ಲಿ. ಅಡುಗೆಯವನು ಸೌಟು ಹಿಡ್ಕೊಂಡು ಮಧ್ಯದಲ್ಲಿ, ಯಾವ ಕಡೆ ಹೋಗ್ಲಿ ಅಂತ!” ಎಲ್ಲರೂ ನಕ್ಕೆವು, ನಾನೂ ನಕ್ಕೆ. ಆ ಗಡ್ಡೆ ಇನ್ನೂ ಒಂದು ತಿಂಗಳಿಗೂ ಮೇಲೆ ಬಾಳುತ್ತದೆ ಎಂದು ನನ್ನ ಮಾದರಿ ಹೇಳಿತ್ತು. ನಗುವಾಗ ಅದು ನನಗೆ ಗೊತ್ತಿತ್ತು. ಒಂದು ಮಾದರಿ ಒಂದು ಸಲ ತಪ್ಪಬಹುದು ಎಂದುಕೊಂಡು ತಟ್ಟೆ ಎತ್ತಿಟ್ಟೆ.

ಈಗ ನಿನ್ನ ತೂತುಗಳನ್ನು ಹೊರಗಿಟ್ಟು, ಸೋನಾರನ್ನು ನಂಬಿ, ಮತ್ತೆ ಎಲ್ಲ ಕಿವಿಗಳನ್ನೂ ಹಿಂಡಿದ್ದೇನೆ. ಹೊಸ ಲೆಕ್ಕದ ಪ್ರಕಾರ ನೀನು ಈ ವರ್ಷ ಆರಿಸಿದ ಜಾಗದ ಸುತ್ತಲಿನ ತೆಳುವು ಏಪ್ರಿಲ್ ಮುಗಿಯುವ ಮೊದಲೇ ಬಾಯಿ ಬಿಡುತ್ತದೆ, ಅದರ ಹಿಂದೆಯೇ ನಿನ್ನ ಗಡ್ಡೆ. ಆ ಜಾಗಕ್ಕೆ ನಾನು ಸಹಿ ಹಾಕುವುದಿಲ್ಲ. ನೀನು ನಿರ್ದೇಶಕರ ಮೇಲಿನವರಿಗೆ ಬರೆ, ಅವರ ಮೇಲಿನವರಿಗೆ ಬರೆ. ಹಾಕುವುದಿಲ್ಲ.

ಇದನ್ನೆಲ್ಲ ಹೋದವಾರ ಸಮಾಧಾನವಾಗಿ ಹೇಳಬೇಕೆಂದೇ ನಿನ್ನನ್ನು ಕರೆಸಿದ್ದು. ನೀನು ಕೂರಲಿಲ್ಲ. ನಮ್ಮ ಕೇಂದ್ರದ ಪಡಸಾಲೆಯಲ್ಲಿ, ನೀರಿನ ಫಿಲ್ಟರಿನ ಪಕ್ಕ, ಲೋಟ ಹಿಡಿದ ಅಷ್ಟೂ ಜನರ ಎದುರು ನಿಂತು ಕೂಗಿದೆ. “ನನ್ನ ಇಡೀ ಆಯಸ್ಸನ್ನ ತೆಗೆದು ಹೊರಗಿಟ್ಯಲ್ಲೇ!” ಅಂದೆ. ಆಮೇಲೆ ಎಲ್ಲರ ಕಡೆ ತಿರುಗಿ, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ನ ತಂಗಿ ಅವಳಿಗಿಂತ ಜಾಣೆ, ನೆಲಾನೇ ಇಲ್ಲ ಅಂತಿದಾಳೆ!” ಅಂದೆ. ಅವರು ನಕ್ಕರು. ನಿನ್ನ ಮಾತಿಗೆ ಯಾರು ನಗುವುದಿಲ್ಲ? ನನ್ನ ಕೈಕೆಳಗೆ ಕೆಲಸ ಮಾಡುವವರು, ಬೆಳಗ್ಗೆಯಿಂದ ಸಂಜೆಯವರೆಗೆ ನನ್ನ ಅಂಕಿಗಳನ್ನು ನಂಬಬೇಕಾದವರು ನಕ್ಕರು. ಹೋಗುವಾಗ ನನ್ನ ಮೇಜಿನ ಮೇಲಿದ್ದ ಕವನ ಸಂಕಲನವನ್ನು ಎತ್ತಿ, “ಕವಿತೆ ಓದೋರ ಕೈಗೆ ಕಡಲು ಕೊಟ್ರೆ ಇನ್ನೇನಾಗತ್ತೆ” ಎಂದು ಅದನ್ನು ಮಗುಚಿಟ್ಟೆ. ನನ್ನ ಪುಟ ತಪ್ಪಿತು. ಸಣ್ಣದು, ಆದರೆ ಬರೆಯುತ್ತೇನೆ, ಏಕೆಂದರೆ ನೀನು ಸಣ್ಣದೆಂದು ಬಿಟ್ಟದ್ದೇ ಇವತ್ತು ನಮ್ಮಿಬ್ಬರ ಕುತ್ತಿಗೆಗೆ ಬಂದಿದೆ.

ಹೊರಡುವ ಮುಂಚೆ ಬಾಗಿಲಲ್ಲಿ ಇನ್ನೊಂದು ಮಾತು ಎಸೆದೆ: “ಅಲ್ಲಿ ಬೇಡ ಅಂದ್ರೆ ಎಲ್ಲಿ ಅಂತ ಹೇಳೇ, ನಿನ್ನ ಕಂಪ್ಯೂಟರ್ ಪೆಟ್ಟಿಗೇನೇ ಕೇಳಿ ಹೇಳು!” ಜಾಗ ಹುಡುಕಿಕೊಡುವುದು ನನ್ನ ಕೆಲಸವಲ್ಲ ಅಂದೆ. ನಿಯಮದ ಪ್ರಕಾರ ಅದು ಸರಿ.

ಈಗ ಹೊಟ್ಟೆಕಿಚ್ಚಿನ ಮಾತಿಗೆ ಬರುತ್ತೇನೆ. ನಾನು ಒಂದು ದಿನವೂ ಮಂಜಿನ ಮೇಲೆ ಕಾಲಿಟ್ಟಿಲ್ಲ ಎಂದು ದೂರಿನಲ್ಲಿ ಎರಡು ಸಲ ಬರೆದಿದ್ದೀಯ. ನಿಜ. ಏಕೆ ಇಟ್ಟಿಲ್ಲ ಎಂದು ಒಂದು ಸಲವೂ ಬರೆದಿಲ್ಲ. ನನ್ನ ಗುರುಗಳು ನನ್ನ ಹೆಸರನ್ನು ಶಿಬಿರಕ್ಕೆ ಸೇರಿಸಿದ ವರ್ಷ, ಚೂಟಿಗೆ ನಾಲ್ಕು ತುಂಬಿತ್ತು. ಅವಳ ಅಪ್ಪ ಆಗಲೇ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ. ನೀನು ಒಂದು ಕೈಯಲ್ಲಿ ಅವಳನ್ನೂ ಇನ್ನೊಂದು ಕೈಯಲ್ಲಿ ಅವಳ ಬಟ್ಟೆಯ ಚೀಲವನ್ನೂ ಹಿಡಿದು ನನ್ನ ಬಾಡಿಗೆ ಕೋಣೆಗೆ ಬಂದು, “ಇದೊಂದು ವರ್ಷ ನೋಡ್ಕೊಳೇ, ಮುಂದಿನ ವರ್ಷ ನೀನು ಹೋಗುವಿಯಂತೆ” ಅಂದೆ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ಬರುವುದೂ ಬೇಡ, ಈಗ ನನ್ನ ಮಂಡಿಗೆ ಮೆಟ್ಟಿಲೇ ಭಾರ. ಒಂದು ಮಾತ್ರ ಹೇಳುತ್ತೇನೆ: ನೀನು ಮಂಜಿನ ಮೇಲೆ ನಿಲ್ಲಲು ನೆಲ ಹಾಸಿದವಳು ನಾನು. ಹಾಸಿದವಳನ್ನೇ ನೆಲ ನೋಡಿಲ್ಲ ಎನ್ನುತ್ತೀಯ.

ಪ್ರತಿ ವಸಂತದಲ್ಲೂ ಅವಳು ನನ್ನ ಮನೆಯಲ್ಲಿ. ಅವಳ ಬಾಯಿಂದ ಮೊದಲ ಹಲ್ಲು ಬಿದ್ದದ್ದು ನನ್ನ ಅಂಗೈಗೆ. ಸೈಕಲ್ ಕಲಿತು ಬಿದ್ದದ್ದು ನನ್ನ ಬೀದಿಯ ಇಳಿಜಾರಿನಲ್ಲಿ, ಲೆಕ್ಕದಲ್ಲಿ ಫೇಲಾಗಿ ಸ್ನಾನದ ಕೋಣೆಯ ಚಿಲಕ ಹಾಕಿಕೊಂಡು ಅತ್ತದ್ದು ನನ್ನ ಮನೆಯಲ್ಲಿ. ಮಲಗುವ ಮೊದಲು ದಿನಾ ಒಂದೇ ಪ್ರಶ್ನೆ: “ಚಿಕ್ಕಿ, ಅಮ್ಮ ನಿಂತಿರೋ ಮಂಜು ಇವತ್ತು ಎಷ್ಟು ದಪ್ಪ?” ಬೇರೆ ಮಕ್ಕಳಿಗೆ ಕಥೆ ಬೇಕು, ಇವಳಿಗೆ ಅಂಕಿ ಬೇಕು. ನಾನು ಆ ದಿನದ ಲೆಕ್ಕ ನೋಡಿಕೊಂಡೇ ಬಂದಿರುತ್ತಿದ್ದೆ. “ನಮ್ಮ ಬಾಗಿಲಷ್ಟು ಎತ್ತರ” ಎನ್ನುತ್ತಿದ್ದೆ. ಅವಳು ಬಾಗಿಲನ್ನು ಕೆಳಗಿಂದ ಮೇಲೆ ಒಂದು ಸಲ ನೋಡಿ ಕಣ್ಣು ಮುಚ್ಚುತ್ತಿದ್ದಳು.

ಹೊಸ ಲೆಕ್ಕವನ್ನು ಆ ವರ್ಷಗಳಿಗೂ ಓಡಿಸಿ ನೋಡಿದೆ. ಯಾರೂ ಕೇಳಿರಲಿಲ್ಲ, ನಾನೇ ಓಡಿಸಿದೆ. ನಿನ್ನ ಸುತ್ತ ಬಹಳ ಕಡೆ ಮಂಜು ಬಾಗಿಲ ಚಿಲಕದ ತನಕವೂ ಬರುವುದಿಲ್ಲ. ಕೆಲವು ಕಡೆ ಹೊಸ್ತಿಲಷ್ಟು. ಆ ಮಗುವನ್ನು ನಾನು ಮಲಗಿಸಿದ್ದು ನೀನು ಕಳಿಸಿದ ಗಟ್ಟಿ ತೂತುಗಳ ಮೇಲೆ. ನಿನಗೆ ಏನೂ ಆಗಲಿಲ್ಲ, ಅದು ನಿನ್ನ ಕೋಲಿನ ಪುಣ್ಯ. ನನ್ನ ಮಾದರಿಯ ಪಾತ್ರ ಅದರಲ್ಲಿ ಇಲ್ಲ. ನೀನು ಬುದ್ಧಿವಂತೆ, ಕುಟ್ಟಿ ನಡೆಯುತ್ತೀಯ. ಚೂಟಿ ಕುಟ್ಟಿ ನಡೆಯುವವಳೇ? ಹೆಸರಿಗೆ ತಕ್ಕ ಹಾಗೆ ಓಡುತ್ತಾಳೆ. ಮೆಟ್ಟಿಲನ್ನು ಎರಡೆರಡು ಹಾರುತ್ತಾಳೆ.

ಅವಳು ನನ್ನ ಹತ್ತಿರ ಬಂದು ಹೇಳಿದಳು. ನೀನು ಹೇಳಿಸಿದೆಯೋ, ಅವಳಾಗಿ ಹೇಳಿದಳೋ ಗೊತ್ತಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರಿನಿಂದ ನನ್ನ ಅಡುಗೆಮನೆಯ ಡಬ್ಬಿಯ ಮುಚ್ಚಳ ಬಿಗಿಮಾಡುತ್ತ, “ಚಿಕ್ಕಿ, ಈ ಸಲ ಪೂರ್ತಿ ಸೀಸನ್ ಹೋಗ್ತೀನಿ. ರೇಡಿಯೊ ನಂದೇ ಜವಾಬ್ದಾರಿ” ಅಂದಳು. ನಾನು ಸೋನಾರ್ ಎಂದೆ, ತೆಳುವು ಎಂದೆ, ಏಪ್ರಿಲ್ ಎಂದೆ. ಅವಳು ನನ್ನನ್ನೇ ನೋಡುತ್ತಿದ್ದು, “ಅಮ್ಮ ಹೋದಾಗ ದಿನಾ ಬಾಗಿಲಷ್ಟು ಅಂತಿದ್ದೆ. ನಾನು ಹೋಗ್ತೀನಿ ಅಂದ ತಕ್ಷಣ ಕರಗಿಬಿಡ್ತಾ?” ಅಂದಳು.

ನಿನ್ನ ದೂರು ನನಗೆ ಏನೂ ಮಾಡಲಿಲ್ಲ. ಈ ಮಾತು ಮಾಡಿತು. ನಿನ್ನ ನಾಲಿಗೆಯನ್ನೇ ಅವಳಿಗೆ ಕೊಟ್ಟಿದ್ದೀಯ, ಬೇರೆ ಆಸ್ತಿ ಏನು ಕೊಟ್ಟೆಯೋ ಕಾಣೆ. ನಾನು ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡೆ. ಅವಳು ಊಟ ಮಾಡದೆ ಹೋದಳು. ಅಂದಿನಿಂದ ಫೋನ್ ಎತ್ತುತ್ತಿಲ್ಲ.

ಅಕ್ಕ, ನೀನು ಅಮ್ಮ. ಜನನ ಪತ್ರದಲ್ಲಿ, ಅವಳ ಮೂಗಿನಲ್ಲಿ, ಅವಳ ನಗುವಿನಲ್ಲಿ ನೀನೇ ಇದ್ದೀಯ. ಚಿಕ್ಕಮ್ಮನಿಗೆ ಯಾವ ಕಾಗದದಲ್ಲೂ ಜಾಗವಿಲ್ಲ. ಈ ಒಂದು ಕಾಗದದಲ್ಲಿ ಮಾತ್ರ, ಸಹಿಯ ಜಾಗದಲ್ಲಿ ಇದ್ದೇನೆ. ಅದನ್ನು ನಾನು ಅಧಿಕಾರಕ್ಕೆಂದು ಬಳಸುತ್ತಿದ್ದೇನೆ ಎಂದು ನೀನು ಬರೆದಿದ್ದೀಯ. ಲೆಕ್ಕ ನಾನು ಬರೆಸಿದ್ದಲ್ಲ. ಬೇಕಾದರೆ ಬೇರೆ ದೇಶದವರಿಂದ ಓಡಿಸಿ ನೋಡು, ನನ್ನ ಎಲ್ಲ ಕಡತಗಳೂ ತೆರೆದಿವೆ. ನಿನ್ನ ಜಾಗ ಮುಳುಗುತ್ತದೆ.

ಇನ್ನು ಮುಂದೆ ನನ್ನ ಜೊತೆ ಏನಿದ್ದರೂ ಬರೆದೇ ತಿಳಿಸು. ಪಡಸಾಲೆಗೆ ಬರಬೇಡ. ಬಂದರೂ ನೀರಿನ ಫಿಲ್ಟರಿನ ಹತ್ತಿರ ನಿಲ್ಲಬೇಡ, ಅಲ್ಲಿ ಜನ ನೀರು ಕುಡಿಯಬೇಕಾಗಿರುತ್ತದೆ.

ಇಂತಿ,
ನಿನ್ನ ದೂರಿನಲ್ಲಿ ‘ಸದರಿ ಅಧಿಕಾರಿ’ ಎಂದು ಕರೆಸಿಕೊಂಡ
ತಂಗಿ

ಮರೆತದ್ದು:

ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ. ಈ ಕಾಗದ ಶುರುಮಾಡುವ ಮೊದಲೇ, ಇವತ್ತು ಬೆಳಗ್ಗೆ, ನೋಡೋಣ ಸಾಹೇಬರ ಕೋಣೆಗೆ ಹೋಗಿ ಸಹಿ ಹಾಕಿ ಬಂದಿದ್ದೇನೆ. ನಿನ್ನ ಜಾಗಕ್ಕಲ್ಲ. ಅದೇ ಕಡಲಿನ ದ್ವೀಪದ ಬೆನ್ನಿಗೆ ಆತುಕೊಂಡ ಹಳೆಯ ಗಡ್ಡೆ ಇದೆಯಲ್ಲ, ಹಲವು ಬೇಸಿಗೆ ಉಳಿದು ಬಂದದ್ದು, ಅದಕ್ಕೆ. ನಿನ್ನ ಒಂದು ತೂತನ್ನೂ ನಂಬದ ಹೊಸ ಮಾದರಿಯೂ ಅದು ಜೂನ್ ತನಕ ತಡೆಯುತ್ತದೆ ಎನ್ನುತ್ತದೆ. ನೀನು ಬಾಗಿಲಲ್ಲಿ ನಿಂತು “ಎಲ್ಲಿ ಅಂತ ಹೇಳೇ” ಅಂದಾಗ ಆ ಜಾಗ ನನ್ನ ಪರದೆಯ ಮೇಲೇ ಇತ್ತು. ಜಾಗವೇ ಇಲ್ಲವೆಂದರೆ ಚೂಟಿ ಹೋಗುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡೆ. ನಿನ್ನ ಜಾಗದ ಬಗ್ಗೆ ನಾನು ಹೇಳಿದ್ದೆಲ್ಲ ವಿಜ್ಞಾನ. ಬಾಯಿ ಮುಚ್ಚಿಕೊಂಡದ್ದು ವಿಜ್ಞಾನವಲ್ಲ. ನಿನ್ನ ದೂರಿನಲ್ಲಿ ಒಂದು ವಾಕ್ಯ, ಮಗಳು ಹೊರಟದ್ದರ ಬಗ್ಗೆ ಬರೆದದ್ದು, ಸರಿಯಾಗಿತ್ತು. ಬೀಗಬೇಡ, ಉಳಿದವೆಲ್ಲ ತಪ್ಪು.

ಸಹಿಯ ಕೆಳಗೆ ಒಂದು ಷರತ್ತು ಹಾಕಿದ್ದೇನೆ. ಈ ಸಲ ಹಗ್ಗ ಎಳೆದು ನೇರ ಗೆರೆಯಲ್ಲೇ ಅಳೆಯಬೇಕು, ಆರಿಸುವಂತಿಲ್ಲ. ನಿನ್ನ ಕೋಲು ಬೇಡವೆಂದ ಕಡೆ ಕಾಲಿಡಬೇಡ, ಆದರೆ ಆ ಜಾಗವನ್ನು ಖಾಲಿ ಬಿಡಲೂ ಬೇಡ. ‘ಇಲ್ಲಿ ನಿಲ್ಲಲು ಆಗಲಿಲ್ಲ’ ಎಂದು ಬರೆ. ನಾನು ಅದನ್ನೂ ಅಳತೆ ಎಂದೇ ತೆಗೆದುಕೊಳ್ಳುತ್ತೇನೆ. ಹೊರಗಿಟ್ಟ ಹಳೆಯ ತೂತುಗಳನ್ನು ಎಲ್ಲೆಲ್ಲಿ ಹೇಗೆ ಓದಬೇಕೆಂದು ಆಗ ತಿಳಿದೀತು.

ಸಹಿ ಹಾಕಿದವಳು ನಾನೆಂದು ಚೂಟಿಗೆ ಹೇಳಬೇಡ. ಚಿಕ್ಕಿ ಅಡ್ಡಹಾಕಿ ಸೋತಳು, ಮೇಲಿನವರು ಒಪ್ಪಿಗೆ ಕೊಟ್ಟರು ಎಂದೇ ತಿಳಿದಿರಲಿ. ಸಿಟ್ಟು ಇದ್ದರೆ ಅವಳು ನನ್ನನ್ನು ಬಿಡುವವಳಲ್ಲ. ದಿನಾ ಸಂಜೆ ರೇಡಿಯೊ ಹಚ್ಚಿ, “ಚಿಕ್ಕಿ, ಇನ್ನೂ ಮುಳುಗಿಲ್ಲ” ಎಂದು ನನ್ನನ್ನು ಹಂಗಿಸಿಯೇ ಮಲಗುತ್ತಾಳೆ.